ಮೂಕಿ ಮೇಷ್ಟ್ರು

ಅವರು ತೀರಿಕೊಂಡಾಗ ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಲಿಲ್ಲ. ನಡೆಸಬಾರದೆಂದು ಯಾರೂ ಹೇಳಿದ್ದಲ್ಲ. ಆ ಹೊತ್ತಿಗೆ ಅವರು ನಮ್ಮ ಸಿಬ್ಬಂದಿಯಾಗಿರಲಿಲ್ಲ, ಅಷ್ಟೆ. ಇತಿಹಾಸ ವಿಭಾಗಕ್ಕೆ ವರ್ಗವಾಗಿ ಬಂದವರಿಗೆ ಅವರ ಪರಿಚಯವಿರಲಿಲ್ಲ. ಅವರ ಪಾಠ ಕೇಳಿದ ಮಕ್ಕಳು ಡಿಗ್ರಿ ಮುಗಿಸಿ ಎಲ್ಲೆಲ್ಲೋ ಸೇರಿಕೊಂಡಿದ್ದರು. ಬೆಳಿಗ್ಗೆ ಬೀಗ ತೆಗೆಯುವ ಅಟೆಂಡರ್ ಮಾತ್ರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ನಮ್ ಮೂಕಿ ಮೇಷ್ಟ್ರು ಹೋಗ್ಬಿಟ್ರಂತೆ" ಅಂದ. ನಾನು ಸೀಮೆಸುಣ್ಣ ಹಿಡಿದುಕೊಂಡು ಕ್ಲಾಸಿಗೆ ಹೋದೆ. ಆ ದಿನ ಏನು ಪಾಠ ಮಾಡಿದೆನೋ ನೆನಪಿಲ್ಲ.

ಆ ಹೆಸರು ಕೇಳಿದವರು ಅವರನ್ನು ಮಾತು ಕಡಿಮೆಯ ಮನುಷ್ಯ ಅಂದುಕೊಳ್ಳುತ್ತಾರೆ. ಅವರಷ್ಟು ಮಾತಾಡುವವರನ್ನು ನಾನು ನೋಡಿಲ್ಲ. ಕಡೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಬೀರೂರು ದಾಟುವುದರೊಳಗೆ ಬೋಗಿಯ ಅರ್ಧ ಜನ ಅವರಿಗೆ ನೆಂಟರಾಗಿಬಿಡುತ್ತಿದ್ದರು. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಜಮೀನಿನ ಖಾತೆ ಇನ್ನೂ ಬದಲಾಗಿಲ್ಲ, ಎಲ್ಲ ತಿಳಿದುಕೊಂಡು ಇಳಿಯುತ್ತಿದ್ದರು. ಗಂಟಲು ದೊಡ್ಡದು, ಸ್ವಲ್ಪ ಒಡಕು. ಪಕ್ಕದ ಕೋಣೆಯಲ್ಲಿ ಅವರ ಪಾಠವಿದ್ದರೆ ನನ್ನ ಮಕ್ಕಳು ಕನ್ನಡ ಕಾವ್ಯ ಬಿಟ್ಟು ಅವರ ಇತಿಹಾಸ ಕೇಳುತ್ತಿದ್ದರು.

ಅವರು ಅತಿಥಿ ಉಪನ್ಯಾಸಕರಾಗಿದ್ದರು. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ, ಬೇಸಿಗೆಯಲ್ಲಿ ಸಂಬಳವಿಲ್ಲದೆ ಕಾದು, ಮತ್ತೆ ಬಂದು ಸೇರಬೇಕಾದ ಕೆಲಸ ಅದು. "ಅತಿಥಿ ಅಂದ್ಮೇಲೆ ಊಟ ಹಾಕ್ಬೇಕು ಮೇಡಂ. ಇಲ್ಲಿ ಅತಿಥೀನೇ ಡಬ್ಬಿ ತರ್ತಾನೆ" ಎಂದು ನಗುತ್ತಾ ಡಬ್ಬಿ ಬಿಚ್ಚುತ್ತಿದ್ದರು. ಡಬ್ಬಿಯಲ್ಲಿ ಹೆಚ್ಚಾಗಿ ಹುರುಳಿಕಾಳಿನ ಪಲ್ಯ. ನಾನು ವ್ಯಾಪಾರಸ್ಥರ ಮನೆಯ ಹೆಣ್ಣು, ನಮ್ಮವರು ಮಠಕ್ಕೆ ನಡೆದುಕೊಳ್ಳುವವರು; ಅವರು ದೇವನೂರು ಹೋಬಳಿಯ ಒಂದು ಹಳ್ಳಿಯ ಕೇರಿಯವರು, ಅವರ ಅಪ್ಪನ ಕಾಲಕ್ಕೇ ಬುದ್ಧನನ್ನು ಒಪ್ಪಿಕೊಂಡವರು. ಮೊದಲ ದಿನ ಅವರು ಡಬ್ಬಿಯ ಮುಚ್ಚಳದಲ್ಲಿ ಪಲ್ಯ ಹಾಕಿ ನನ್ನ ಮುಂದೆ ಇಟ್ಟು, ನಾನು ತಿನ್ನುತ್ತೇನೋ ಇಲ್ಲವೋ ಎಂದು ನೋಡದೆ ಬೇರೆ ಕಡೆ ತಿರುಗಿ ಮಾತಾಡಲು ಶುರುಮಾಡಿದರು. ತಿಂದೆ. ಚೆನ್ನಾಗಿತ್ತು. ಅಲ್ಲಿಂದ ನಮ್ಮ ಸ್ನೇಹ.

ಸಿನಿಮಾ ಶುರುವಾದದ್ದು ಕೈಗಾರಿಕಾ ಕ್ರಾಂತಿಯ ಪಾಠದಿಂದ. ಊಟದ ನಂತರದ ಪೀರಿಯಡ್, ಮಕ್ಕಳು ತೂಕಡಿಸುತ್ತಿದ್ದರು. ಸಿನಿಮಾ ಹುಟ್ಟಿದ ಹೊಸದರಲ್ಲಿ, ಇನ್ನೂ ಮಾತು ಬರುವ ಮೊದಲು ತೆಗೆದ ಪುಟ್ಟ ಪುಟ್ಟ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆಂದು ಅವರಿಗೆ ಹೇಗೋ ತಿಳಿಯಿತು. ಒಂದೊಂದು ಹತ್ತು ಹನ್ನೆರಡು ನಿಮಿಷದ್ದು. ದುರಾಸೆಯ ಧಣಿಗಳು, ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದವರು, ಗಿರಣಿಯಲ್ಲಿ ಕೈ ಕಳೆದುಕೊಂಡವರು. ಅವನ್ನೆಲ್ಲ ಇಳಿಸಿಕೊಂಡು ಬಂದು ಕಾಲೇಜಿನ ಪ್ರೊಜೆಕ್ಟರಿನಲ್ಲಿ ತೋರಿಸಿದರು. ನಡುನಡುವೆ ತೆರೆಯ ಮೇಲೆ ಬರುವ ಇಂಗ್ಲಿಷ್ ಬರಹವನ್ನು ತಮ್ಮ ಒಡಕು ಗಂಟಲಿನಲ್ಲಿ ಕನ್ನಡ ಮಾಡಿ ಓದುತ್ತಿದ್ದರು. ಆ ಮಕ್ಕಳು ಇಟ್ಟ ಹೆಸರೇ ಮೂಕಿ ಮೇಷ್ಟ್ರು.

ಅವುಗಳಲ್ಲಿ ಒಂದು ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಯಾವುದೋ ಚಳಿದೇಶ. ಒಬ್ಬ ಇದ್ದಿಲ ವ್ಯಾಪಾರಿ, ಬೆಲೆ ಏರಲೆಂದು ಇದ್ದಿಲನ್ನು ಅಂಗಳದಲ್ಲಿ ರಾಶಿ ಹಾಕಿಸಿ ಮಾರದೆ ಕೂತಿದ್ದಾನೆ. ಆ ಅಂಗಳದಲ್ಲಿ ಇದ್ದಿಲು ಆರಿಸುವ ಹೆಂಗಸರು ಸಂಜೆ ಮನೆಗೆ ಹೋಗುವಾಗ ಗೇಟಿನಲ್ಲಿ ನಿಂತವನ ಮುಂದೆ ಮಡಿಲಬಟ್ಟೆ ಕೊಡವಿ ತೋರಿಸಬೇಕು. ಒಬ್ಬಾಕೆಯ ಮಗುವಿಗೆ ಮನೆಯಲ್ಲಿ ಚಳಿಜ್ವರ. ಅವಳು ಕೊಡವಿದಾಗ ಒಂದೇ ಒಂದು ತುಂಡು ಕೆಳಗೆ ಬೀಳುತ್ತದೆ. ಆ ವಾರದ ಕೂಲಿ ಹೋಗುತ್ತದೆ, ಮಗುವೂ ಹೋಗುತ್ತದೆ. ಅದೇ ಹೊತ್ತಿಗೆ ವ್ಯಾಪಾರಿಯ ಮನೆಯ ಔತಣದಲ್ಲಿ ಸೆಕೆ ತಡೆಯಲಾರದೆ ಯಾರೋ ಕಿಟಕಿ ತೆರೆಯುತ್ತಾರೆ. ಕೊನೆಯಲ್ಲಿ ಆಕೆ ಮತ್ತೆ ಅದೇ ಗೇಟಿನಲ್ಲಿ ಸಾಲಿನಲ್ಲಿ ನಿಂತು ಮಡಿಲು ಕೊಡವುತ್ತಾಳೆ. ಏನೂ ಬೀಳುವುದಿಲ್ಲ. ಅಲ್ಲಿಗೆ ಮುಗಿಯಿತು.

ಮೊದಲ ಸಲ ತೋರಿಸಿದಾಗ ಲಿಂಗದಹಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದು, "ಸರ್, ಅಲ್ಲಿ ಹತ್ತಿ ಯಾಕ್ ಉದುರ್ತೈತೆ?" ಎಂದು ಕೇಳಿದಳು. ಕ್ಲಾಸೆಲ್ಲ ನಕ್ಕಿತು. ಅವರು ನಗಲಿಲ್ಲ. "ಅದು ಹಿಮ ಕಣಮ್ಮ. ನೀನು ಹತ್ತಿ ಅಂದ್ಕಂಡೇ ನೋಡು, ತಪ್ಪಿಲ್ಲ. ಅವರಿಗೆ ಅದನ್ನ ಹೊದ್ಕೊಳಕ್ಕಾಗಲ್ಲ, ಅಷ್ಟು ಗೊತ್ತಿದ್ರೆ ಸಾಕು" ಅಂದರು.

ಸಿನಿಮಾ ಓಡುವಾಗ ಅವರು ತೆರೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. "ಪಿಕ್ಚರ್ ನಂಗೆ ಗೊತ್ತಲ್ಲ ಮೇಡಂ, ಇವರ ಮುಖ ಗೊತ್ತಿಲ್ಲ" ಅನ್ನುತ್ತಿದ್ದರು. ಇನ್ನೊಂದು ಮಾತು ಆಗಾಗ ಹೇಳುತ್ತಿದ್ದರು: "ಮಾತು ಬಂದ್ಮೇಲೆ ಸಿನಿಮಾದಲ್ಲಿ ಸಾಹುಕಾರ್ರು ಒಳ್ಳೇವ್ರಾಗ್ಬಿಟ್ರು. ಅದಕ್ಕೆ ಮುಂಚೆ ಅವರು ಏನ್ ಮಾಡ್ತಾರೋ ಅಷ್ಟೇ ಕಾಣ್ತಿತ್ತು."

ಒಂದು ವರ್ಷ ಅಜ್ಜಂಪುರದಾಚೆಯ ಹಳ್ಳಿಯೊಂದರಲ್ಲಿ ವಿದ್ಯಾರ್ಥಿಗಳ ಸೇವಾ ಶಿಬಿರ ಹಾಕಿದೆವು. ಹೆಸರು ಬೇಡ. ಹೆಣ್ಣುಮಕ್ಕಳ ಜವಾಬ್ದಾರಿ ನನ್ನದು, ಸಂಜೆಯ ಕಾರ್ಯಕ್ರಮ ಅವರದು. ಊರಿಗೂ ಕೇರಿಗೂ ನಡುವೆ ಒಂದು ಬಯಲು. ಅಲ್ಲಿ ಎರಡು ಕಂಬಗಳ ನಡುವೆ ಬಿಳಿ ಬಟ್ಟೆ ಕಟ್ಟಿಸಿ, ಕತ್ತಲಾಗುತ್ತಲೇ ಇದ್ದಿಲ ಚಿತ್ರ ಹಾಕಿದರು. ಊರಿನವರು ಪ್ರೊಜೆಕ್ಟರ್ ಇದ್ದ ಕಡೆ ಚಾಪೆ ಹಾಸಿಕೊಂಡು ಕೂತರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಬಟ್ಟೆಯ ಹಿಂದುಗಡೆಯೂ ಜನ. ಕೇರಿಯವರು ತಾವಾಗಿ ಬಂದು ಆ ಕಡೆ ಕೂತುಬಿಟ್ಟಿದ್ದರು. ತೆಳು ಬಟ್ಟೆ, ಚಿತ್ರ ಎರಡೂ ಕಡೆ ಒಂದೇ ಸಮ ಕಾಣುತ್ತಿತ್ತು. ಆ ಕಡೆಯವರಿಗೆ ಬರಹ ಮಾತ್ರ ಉಲ್ಟಾ.

ಮೇಷ್ಟ್ರು ಗಾಬರಿಯಿಂದ ಆ ಕಡೆ ಓಡಿದರು. "ಅಕ್ಷರ ಎಲ್ಲಾ ತಿರುಗುಮುರುಗಾ ಕಾಣ್ತದಲ್ಲ, ಈ ಕಡೆ ಬನ್ನಿ ಅಜ್ಜಿ" ಎಂದು ಮುಂದೆ ಕೂತಿದ್ದ ಮುದುಕಿಯನ್ನು ಕರೆದರು.

ಆಕೆ ಎಲೆಯಡಿಕೆ ಬಾಯಲ್ಲೇ, "ನಮಗೆ ಓದಕ್ಕೇ ಬರಲ್ಲ ಕಣಪ್ಪಾ. ಅಕ್ಷರ ಯಾವ ಕಡೆ ತಿರುಗಿದ್ರೇನು?" ಅಂದಳು.

ಅವರು ವಾಪಸ್ಸು ಬಂದು ಕಂಬಕ್ಕೆ ಒರಗಿ, ಬಟ್ಟೆಯ ಅಂಚಿಗೆ ಸರಿಯಾಗಿ ನಿಂತರು. ಒಂದು ಸಾಲು ಈ ಕಡೆ ತಿರುಗಿ ಓದಿದರು, ಅದೇ ಸಾಲನ್ನು ಆ ಕಡೆ ತಿರುಗಿ ಓದಿದರು. ಚಿತ್ರ ಮುಗಿಯಿತು, ಬೆಳಕು ಮಾತ್ರ ಬಟ್ಟೆಯ ಮೇಲೆ ಉಳಿಯಿತು. ಯಾರೂ ಏಳಲಿಲ್ಲ. ಊರಿನ ಕಡೆಯಿಂದ ಒಬ್ಬ ಹೆಂಗಸು ಯಾರನ್ನೂ ಉದ್ದೇಶಿಸದೆ, "ಮಗು ಸತ್ತ ಮಾರನೇ ದಿನಕ್ಕೇ ಕೆಲ್ಸಕ್ಕೆ ಹೋದ್ಲಲ್ಲೇ, ಏನ್ ಕಲ್ಲೆದೆ ಅವಳ್ದು!" ಅಂದಳು.

ಬಟ್ಟೆಯ ಆ ಕಡೆಯಿಂದ ಉತ್ತರ ಬಂತು: "ಹೋಗ್ದೆ ಏನ್ ಮಾಡ್ತಾಳವ್ವಾ? ಮೂಲೇಲಿ ಇನ್ನೊಂದ್ ಕೂಸಿತ್ತಲ್ಲ."

"ಇತ್ತಾ? ನಾನು ನೋಡ್ಲೇ ಇಲ್ಲ."

"ಇತ್ತು ಕಣವ್ವ. ತೊಟ್ಲಾಗೆ."

ಇಷ್ಟೇ ಮಾತು. ಮೇಷ್ಟ್ರು ಕಂಬ ಬಿಟ್ಟು ಕದಲಲಿಲ್ಲ. ಅವರ ಮುಖವನ್ನು ನಾನು ಅಷ್ಟು ಬೆಳಕಾಗಿ ಮತ್ತೆ ಯಾವತ್ತೂ ಕಾಣಲಿಲ್ಲ.

ಮರುದಿನ ಸಂಜೆ ಬಯಲಿಗೆ ಹೋದರೆ ಕಂಬಗಳ ನಡುವೆ ಬಟ್ಟೆ ಇರಲಿಲ್ಲ. ಶಿಬಿರಕ್ಕೆ ಜಾಗ ಕೊಡಿಸಿದ್ದ ಊರಿನ ಹಿರಿಯರೊಬ್ಬರು ಅದನ್ನು ಊರೊಳಗಿನ ಶಾಲೆಯ ಗೋಡೆಗೆ ಮೊಳೆ ಹೊಡೆಸಿ ಕಟ್ಟಿಸಿದ್ದರು. "ನಿನ್ನೆ ಗಾಳಿಗೆ ಅಲ್ಲಾಡ್ತಿತ್ತು ಮೇಷ್ಟ್ರೇ, ಸರಿಯಾಗಿ ಕಾಣ್ಲಿಲ್ಲ. ಗೋಡೆ ಆದ್ರೆ ಭದ್ರ" ಅಂದರು.

ಮೇಷ್ಟ್ರಿಗೆ ಮೊದಲು ಸಂತೋಷವೇ ಆಯಿತು. "ಗೋಡೆಗೆ ಹಿಂದುಗಡೆ ಇರಲ್ಲ ಮೇಡಂ. ಈಗ ಎಲ್ಲಾ ಒಂದೇ ಕಡೆ ಕೂರ್ಬೇಕು" ಎಂದು ಕೇರಿಗೆ ಹೋಗಿ ಮನೆಮನೆಯಲ್ಲೂ ಕರೆದು ಬಂದರು. "ಬತ್ತೀವಿ ಸಾ, ನೀವು ಶುರು ಮಾಡಿ" ಎಂದರಂತೆ. ಕೇರಿಯವರು ಬಂದದ್ದು ರಸ್ತೆಯವರೆಗೆ. ಅಲ್ಲಿಂದ ಗೋಡೆ ಓರೆಯಾಗಿ, ಒಂದು ಬಿಳಿ ಗೆರೆಯ ಹಾಗೆ ಕಾಣುತ್ತಿತ್ತು. ಮೇಷ್ಟ್ರು ಮತ್ತೆ ಹೋಗಿ ಕರೆದರು. ಅವರು ಹೂಂ ಅಂದರು, ಬರಲಿಲ್ಲ. ಮುಂದೆ ಕೂತವರು ಗೊಣಗಲು ಶುರುಮಾಡಿದರು. ಮೇಷ್ಟ್ರು ಚಿತ್ರ ಹಾಕಿದರು, ಆದರೆ ಅವತ್ತು ಒಂದು ಸಾಲನ್ನೂ ಓದಲಿಲ್ಲ. ರಸ್ತೆಯಲ್ಲಿ ನಿಂತವರು ಯಾವಾಗ ಹೋದರೋ ನಾನು ಗಮನಿಸಲಿಲ್ಲ.

ಮೂರನೆಯ ಸಂಜೆ ಮೇಷ್ಟ್ರು ತಾವೇ ಮೊಳೆ ಕಿತ್ತು ಬಟ್ಟೆಯನ್ನು ಬಯಲಿಗೆ ಒಯ್ದರು. ಹಿರಿಯರು ಅಡ್ಡ ನಿಂತರು. "ಯಾಕ್ರೀ ಮೇಷ್ಟ್ರೇ, ಗೋಡೆ ಇರ್ವಾಗ ಕಂಬ ಯಾಕೆ? ಊರಲ್ಲಿ ಇಲ್ಲದ್ದು ಹುಟ್ಟಿಸ್ಬೇಡಿ."

"ಇಲ್ಲದ್ದು ಅಲ್ಲ ಯಜಮಾನ್ರೇ. ಮೊನ್ನೆ ನಿಮ್ಮ ಮನೆಯೋರೇ ಆ ಕಡೆಯೋರ್ ಜೊತೆ ಮಾತಾಡಿದ್ರು."

ಆ ಮಾತು ಆಡಬಾರದಿತ್ತು. ಬಟ್ಟೆಯ ಈ ಕಡೆಯಿಂದ ಮಾತಾಡಿದ ಹೆಂಗಸು ತಮ್ಮ ಹೆಂಡತಿ ಎಂಬುದು ಆ ಹಿರಿಯರೊಬ್ಬರಿಗೆ ಮಾತ್ರ ಅಲ್ಲಿಯವರೆಗೆ ಗೊತ್ತಿರಲಿಲ್ಲವೋ ಏನೋ. ಅವತ್ತು ಸಿನಿಮಾ ನಡೆಯಲಿಲ್ಲ. ವಾರ ಕಳೆಯುವುದರೊಳಗೆ ಪ್ರಿನ್ಸಿಪಾಲರ ಕೋಣೆಗೆ ದೂರು ಬಂತು. "ಪಾಠ ಮಾಡಕ್ಕೆ ಕರೆಸಿರೋದು ಕಣ್ರೀ ನಿಮ್ಮನ್ನ" ಎಂದಷ್ಟೇ ಹೇಳಿ ಅವರು ಪ್ರೊಜೆಕ್ಟರನ್ನು ಬೀರುವಿನೊಳಗಿಟ್ಟು ಬೀಗ ಹಾಕಿಸಿದರು.

ಮುಂದಿನ ವರ್ಷ ಇತಿಹಾಸಕ್ಕೆ ಖಾಯಂ ಅಧ್ಯಾಪಕರು ವರ್ಗವಾಗಿ ಬಂದರು, ಇವರ ಪೀರಿಯಡ್ಡುಗಳು ಹೋದವು. ದೂರಿಗೂ ಇದಕ್ಕೂ ಸಂಬಂಧ ಉಂಟೇ ಎಂದು ನಾನು ಕೇಳಿದೆ. "ಇಲ್ಲ ಮೇಡಂ, ಇದು ಬರೀ ಆರ್ಡರ್. ಆರ್ಡರ್‌ಗೆ ನನ್ ಮೇಲೆ ಸಿಟ್ಟೇನಿರಲ್ಲ" ಅಂದರು. ಆಗ ಅವರಿಗೆ ನಲವತ್ತು ದಾಟಿತ್ತು. ಹೆಂಡತಿ ಅಂಗನವಾಡಿಯಲ್ಲಿ ಸಹಾಯಕಿ, ಮಗಳು ಹೈಸ್ಕೂಲು, ವಯಸ್ಸಾದ ತಾಯಿ. ಬೇರೆ ಕಾಲೇಜುಗಳಿಗೆಲ್ಲ ಅಲೆದರು. ಕೊನೆಗೆ ನಾನೇ ನನ್ನ ಸೋದರಮಾವನಿಗೆ ಹೇಳಿದೆ. ಕಡೂರಿನ ಹೊರಗೆ ಅವರದು ದೊಡ್ಡ ಕೊಬ್ಬರಿ ಗೋದಾಮು. ಲೆಕ್ಕ ಬರೆಯುವ ಕೆಲಸ ಕೊಡುತ್ತೇನೆಂದರು ಮಾವ. ಇಬ್ಬರಿಗೂ ಒಳ್ಳೆಯದಾಯಿತೆಂದು ನಾನು ಸಮಾಧಾನಪಟ್ಟುಕೊಂಡೆ.

ಕೆಲವು ತಿಂಗಳ ಮೇಲೆ ನಮ್ಮ ಮನೆಯ ಮದುವೆಯೊಂದರ ಕರೆಯೋಲೆಯನ್ನು ಮಾವನಿಗೆ ಕೊಡಲು ಒಂದು ಸಂಜೆ ಗೋದಾಮಿಗೆ ಹೋದೆ. ಕೆಲಸ ಬಿಡುವ ಹೊತ್ತು. ಕೊಬ್ಬರಿ ಒಡೆದು ಹದಮಾಡುವ ಹೆಂಗಸರು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಾಗಿ ಮುಂದೆ ಬಂದು ಸೆರಗನ್ನೂ ಮಡಿಲನ್ನೂ ಎರಡು ಸಲ ಕೊಡವಿ ಆಚೆ ಹೋಗುತ್ತಿದ್ದರು. ಗೇಟಿನ ಪಕ್ಕ ಒಂದು ಮೇಜು. ಮೇಜಿನ ಹಿಂದೆ ಮೇಷ್ಟ್ರು.

ಅವರು ನನ್ನನ್ನು ನೋಡಿದರು. ಕೊನೆಯ ಹೆಂಗಸು ಹೋಗುವವರೆಗೆ ನಿಂತಿದ್ದೆ. ಆಮೇಲೆ ಇಬ್ಬರೂ ರಸ್ತೆಯಾಚೆಯ ಅಂಗಡಿಯಲ್ಲಿ ಟೀ ಕುಡಿದೆವು.

"ನಮ್ಮವ್ವ ಸಖರಾಯಪಟ್ಣದ ಕಡೆ ಹಿಂಗೇ ಒಂದು ಕೊಬ್ಬರಿ ಗೋದಾಮಲ್ಲಿದ್ಲು" ಎಂದು ಅವರು ಶುರುಮಾಡಿದರು. "ಒಂದ್ಸಲ ಸಂಜೆ ಅವಳನ್ನ ಕರ್ಕಂಡ್ ಬರಕ್ಕೆ ಹೋಗಿದ್ದೆ, ಚಿಕ್ಕೋನು. ಗೇಟಲ್ಲಿ ಸೆರಗು ಕೊಡವ್ತಿದ್ಲು. ನನ್ನ ಕಂಡು ನಕ್ಕಳು. ನಕ್ಕು, ಆಟ ಆಡೋ ಥರ ಇನ್ನೊಂದ್ಸಲ ಕೊಡವಿದ್ಲು. ನಾನೂ ಅಂಗಿ ಹಿಡ್ಕಂಡು ಕೊಡವ್ದೆ. ಮನೆ ಮುಟ್ಟೋವರ್ಗೂ ಇಬ್ರೂ ಕೊಡವ್ಕಂಡ್ ನಕ್ಕಂಡ್ ಹೋದ್ವಿ. ಎಷ್ಟೋ ವರ್ಷ ನಾನು ಅದನ್ನ ಆಟ ಅಂತ್ಲೇ ಅಂದ್ಕಂಡಿದ್ದೆ ಮೇಡಂ. ಆ ಇದ್ದಿಲು ಪಿಕ್ಚರ್ ನೋಡಿದ್ ದಿನ ಗೊತ್ತಾಯ್ತು."

ಆಮೇಲೆ ಉಳಿದದ್ದನ್ನು ಹೇಳಿದರು. ಅಲ್ಲಿ ಲೆಕ್ಕ ಬರೆಯುವವನೇ ಸಂಜೆ ಗೇಟಿನಲ್ಲಿ ಕೂತು ನೋಡಬೇಕಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಹೆಂಗಸರಿಗೆ, "ಕೊಡವ್ಬೇಡಿ, ಸುಮ್ನೆ ಹೋಗಿ" ಎಂದಿದ್ದರಂತೆ. ನಾಲ್ಕು ದಿನ ಹಾಗೇ ನಡೆಯಿತು. ಮಾವನಿಗೆ ತಿಳಿದು, ಆಗದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಅಂದರು. ಮೇಷ್ಟ್ರು ಕೆಲಸ ಬಿಡುವುದೆಂದೇ ತೀರ್ಮಾನಿಸಿ, ಸಂಜೆ ಗೇಟಿನಲ್ಲಿ ಹೆಂಗಸರಿಗೆ ಹೇಳಿದರು.

"ಸಾಲಲ್ಲಿ ಎಲ್ರಿಗಿಂತ ದೊಡ್ಡೋಳು ಒಬ್ಳಿದಾಳೆ. ಅವಳು ಮುಂದೆ ಬಂದು, 'ನೀವ್ಯಾಕ್ ಹೋಯ್ತೀರಾ ಸಾ? ಇನ್ನೊಬ್ಬ ಬತ್ತಾನೆ. ಅವನು ಕೊಡವಿದ್ರೂ ನಂಬಲ್ಲ, ಮೈ ಮುಟ್ಟಿ ನೋಡ್ತಾನೆ. ನೀವಿರಿ' ಅಂದ್ಲು. ಅಂದು, ನನ್ ಮುಂದೆ ಸೆರಗು ಕೊಡವಿದ್ಲು. ಅವಳ ಹಿಂದೆ ಎಲ್ರೂ ಕೊಡವಿದ್ರು. ನನಗೋಸ್ಕರ ಕೊಡವಿದ್ರು ಮೇಡಂ! ನಾನು ಕೂತೆ ನೋಡಿ, ಅವತ್ತು ಕೂತೋನು ಎದ್ದಿಲ್ಲ."

ಅಷ್ಟು ದೊಡ್ಡ ಗಂಟಲಿನ ಮನುಷ್ಯ ಅಳುವಾಗ ಸದ್ದೇ ಮಾಡಲಿಲ್ಲ. ಟೀ ಅಂಗಡಿಯವನು ಬೇರೆ ಕಡೆ ತಿರುಗಿಕೊಂಡ.

ನಾನು ಮಾವನ ಹತ್ತಿರ ಹೋಗಿ ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ನನ್ನನ್ನು ಎತ್ತಿ ಆಡಿಸಿದವರು. "ನಿಮ್ಮಜ್ಜನ ಕಾಲದಿಂದ ನಡ್ಕಂಡ್ ಬಂದಿರೋದು ಕಣವ್ವ. ಅವರನ್ನ ಕಳ್ಳಿಯರು ಅಂದೋರ್ಯಾರು? ಕೊಡವಿ ಹೋದ್ರೆ ಅವರ ಮೇಲೆ ಮಾತಿರಲ್ಲ, ಅವರಿಗೇ ಮರ್ಯಾದೆ" ಅಂದರು.

"ನೀವೂ ಸಂಜೆ ಅದೇ ಗೇಟಲ್ಲಿ ಹೋಗ್ತೀರಲ್ಲ ಮಾವ, ನಿಮ್ಮ ಪಂಚೇನೂ ಕೊಡವ್ತೀರಾ?"

ಮಾವ ನನ್ನನ್ನು ದಿಟ್ಟಿಸಿ ನೋಡಿ, ಅತ್ತೆಯನ್ನು ಕೂಗಿ, ನನಗೆ ಕಾಫಿ ತರಲು ಹೇಳಿದರು. ಅಲ್ಲಿಗೆ ಮಾತು ಮುಗಿಯಿತು. ಪದ್ಧತಿ ನಿಲ್ಲಲಿಲ್ಲ.

ಆಮೇಲೆ ಮೇಷ್ಟ್ರು ಸಿಕ್ಕಾಗಲೆಲ್ಲ ಮಗಳ ಓದಿನ ಬಗ್ಗೆ, ಅರ್ಜಿ ಹಾಕಿದ ಯಾವುದೋ ಕಾಲೇಜಿನ ಬಗ್ಗೆ ಹೇಳುತ್ತಿದ್ದರು. ಸಿನಿಮಾದ ಮಾತು ಬರುತ್ತಿರಲಿಲ್ಲ. ಒಂದು ಸಲ ನಾನೇ ಎತ್ತಿದಾಗ, "ಈಗ ನೋಡಕ್ಕಾಗಲ್ಲ ಮೇಡಂ. ಗೇಟ್ ಸೀನ್ ಬಂದ್ರೆ ಆ ಟೊಪ್ಪಿ ಹಾಕ್ಕಂಡು ನಿಂತಿರ್ತಾನಲ್ಲ, ಅವನ ಮುಖಾನೇ ಕಾಣ್ತದೆ. ಮೊದಲು ಅವನ ಕಡೆ ನೋಡೇ ಇರಲಿಲ್ಲ ನಾನು" ಅಂದರು. ಎರಡು ವರ್ಷ ಆ ಮೇಜಿನ ಹಿಂದೆ ಕೂತರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮನೆಯ ಹೊಸ್ತಿಲಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಅವರ ಮನೆಗೆ ನಾನು ಮೊದಲ ಸಲ ಹೋದದ್ದು ಅವರು ಹೋದ ಮೇಲೆ. ಕಡೂರಿನ ಅಂಚಿನ ಬಡಾವಣೆ, ಶೀಟಿನ ಮನೆ. ಬುದ್ಧನ ಪಟದ ಪಕ್ಕ ಅವರ ಫೋಟೋ, ಮುಂದೆ ಮೇಣದ ಬತ್ತಿ. ಬಾಗಿಲ ಬಳಿ ಗೋದಾಮಿನ ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ಬಂದು ಒತ್ತೊತ್ತಾಗಿ ಕೂತಿದ್ದರು. ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತರು. ಮಗಳು ನೀರು ಕೊಟ್ಟಳು. ಗೋಡೆಗೆ ಒರಗಿದ್ದ ತಾಯಿ, ಒಣಗಿ ಸಣ್ಣಗಾದ ಮುದುಕಿ, ನನ್ನನ್ನು ಬಹಳ ಹೊತ್ತು ನೋಡಿ ಕೇಳಿದಳು:

"ಅವನ ಜತೇಲಿ ಪಾಠ ಮಾಡ್ತಿದ್ದೋರು ನೀವೇನಾ?"

"ಹೌದು ಅಜ್ಜಿ."

"ಪಾಠ ಮಾಡ್ವಾಗ ಹೆಂಗಿರ್ತಿದ್ದ ಅವ್ನು? ನಾನು ಒಂದಿನಾನೂ ಕಾಣ್ಲಿಲ್ಲ ಕಣವ್ವ. ನನ್ನೂ ಕರ್ಕಂಡ್ ಹೋಗೋ ಒಂದ್ಸಲ ಅಂದ್ರೆ, ಪರ್ಮನೆಂಟ್ ಆಗ್ಲಿ ಅವ್ವ, ಆಗ ನಿನ್ನ ಮುಂದಿನ ಬೆಂಚಲ್ಲೇ ಕೂರಿಸ್ತೀನಿ ಅಂತಿದ್ದ."

ಏನು ಹೇಳಲಿ? ಚೆನ್ನಾಗಿ ಮಾಡುತ್ತಿದ್ದರು ಅಂದೆ. ಮಕ್ಕಳಿಗೆ ಅವರೆಂದರೆ ಪ್ರಾಣ ಅಂದೆ. ಆಕೆ ತಲೆಯಾಡಿಸಿದಳು, ಆದರೆ ಅದಲ್ಲ ತಾನು ಕೇಳಿದ್ದು ಎಂಬಂತೆ ನೋಡುತ್ತಲೇ ಇದ್ದಳು. ನನಗೆ ಕೂತಿರಲಾಗಲಿಲ್ಲ. ಎದ್ದು ಎದುರಿನ ಗೋಡೆಯ ಹತ್ತಿರ ಹೋದೆ. ಅವರು ಕ್ಲಾಸಿಗೆ ಬರುತ್ತಿದ್ದ ಹಾಗೆ ಭುಜ ಸ್ವಲ್ಪ ಮುಂದೆ ಚಾಚಿಕೊಂಡು ನಡೆದೆ. ಬರೀ ಗೋಡೆಯನ್ನು, ಬೋರ್ಡು ಒರೆಸುವಂತೆ, ಅಂಗೈಯಲ್ಲಿ ಮೇಲಿಂದ ಕೆಳಗೆ ಒರೆಸಿದೆ. ತಿರುಗಿ, ದಿನಾ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಅವರದೇ ಗಂಟಲಲ್ಲಿ ಕೇಳಿದೆ:

"ಹಿಂದಿನ ಬೆಂಚಿನೋರಿಗೆ ಕೇಳಿಸ್ತೈತೇನ್ರಪ್ಪಾ?"

ಯಾರೂ ನಗಲಿಲ್ಲ. ಬಾಗಿಲ ಬಳಿಯಿಂದ ಒಬ್ಬ ಹೆಂಗಸು ಮೆಲ್ಲಗೆ, "ಕೇಳಿಸ್ತೈತೆ" ಅಂದಳು.

ನಾನು ಪಾಠ ಮಾಡಿದೆ. ನನಗೆ ಗೊತ್ತಿದ್ದಷ್ಟು, ಪಕ್ಕದ ಕೋಣೆಯಿಂದ ವರ್ಷಾನುಗಟ್ಟಲೆ ಕೇಳಿಸಿಕೊಂಡಷ್ಟು. ಯಂತ್ರಗಳು ಬಂದದ್ದು, ಹಳ್ಳಿಯವರು ಪಟ್ಟಣ ಸೇರಿದ್ದು, ಒಂದೇ ಕೋಣೆಯಲ್ಲಿ ಹತ್ತು ಜನ ಮಲಗಿದ್ದು. ಅವರು ಕೈ ಎತ್ತುತ್ತಿದ್ದಲ್ಲಿ ಕೈ ಎತ್ತಿದೆ, ಮೇಜು ಗುದ್ದುತ್ತಿದ್ದಲ್ಲಿ ಗೋಡೆ ಗುದ್ದಿದೆ. ಮುದುಕಿ ಗಲ್ಲಕ್ಕೆ ಕೈಯಿಟ್ಟು, ಕಣ್ಣು ಮಿಟುಕಿಸದೆ ನೋಡಿದಳು. ನಾನು ನಿಲ್ಲಿಸಿದೆ.

"ಇನ್ನೊಸಿ ಮಾಡವ್ವ" ಅಂದಳು ಮುದುಕಿ. "ನಿನ್ ಬಸ್ಸಿಗೆ ಇನ್ನೂ ಹೊತ್ತೈತೆ."

ನಾನು ಕಣ್ಣು ಒರೆಸಿಕೊಂಡು ಮತ್ತೆ ಗೋಡೆಯ ಕಡೆ ತಿರುಗಿದೆ.